ಅಂಗನವಾಡಿಗೆ ಹೊಸಬರು ಬಂದಾಗ



ಕೆಲವು ತಿಂಗಳ ಹಿಂದೆ ಒಂದು ಗ್ರಾಮದಲ್ಲಿ ಶರಣರ ಚರಿತ್ರೆಯ ಪ್ರವಚನ ಮುಗಿಸಿ, ಮಂಗಲದ ಪ್ರಸಾದ ಸ್ವೀಕರಿಸಿ ಕುಳಿತಿದ್ದೆವು. ವೃದ್ಧ ತಾಯಿಯೊಬ್ಬರು ಬಂದು, ಅಂಗನವಾಡಿಗೆ ಹೊಸ ಸಹಾಯಕಿ ಬಂದ ದಿನದಿಂದ ತಮ್ಮ ಓಣಿಯ ಮಕ್ಕಳನ್ನು ಯಾರೂ ಅಲ್ಲಿಗೆ ಕಳುಹಿಸುತ್ತಿಲ್ಲವೆಂದು ಅರುಹಿದರು. ಕಾರಣ ಕೇಳಲು ತಲೆ ತಗ್ಗಿಸಿದರು. ಆಕೆ ಊರ ಹೊರಗಿನ ಕೇರಿಯವಳು; ಮಕ್ಕಳಿಗೆ ಅಡಿಗೆ ಮಾಡುವವಳೂ ಅವಳೇ.

ಅದೇ ವಾರ, ಅದೇ ಗುಡಿಯಲ್ಲಿ ನಾವು ಸಮಗಾರ ಹರಳಯ್ಯನವರ ಮನೆಯೊಡನೆ ಮಧುವರಸರು ಬೀಗತನ ಬೆಳೆಸಿದ ಪ್ರಸಂಗವನ್ನು ಹೇಳಿದ್ದೆವು. ಕೇಳಿದವರು ಕಣ್ಣೀರಿಟ್ಟಿದ್ದರು. ನಮ್ಮ ಪ್ರವಚನದ ಫಲವೆಷ್ಟೆಂಬುದು ಅಂದು ನಮಗೆ ತಿಳಿಯಿತು.

ಅಂಗನವಾಡಿಯೆಂದರೆ ಬಡವರಿಗೆ ಉಪ್ಪಿಟ್ಟು ಹಂಚುವ ಕಟ್ಟೆಯೆಂದು ಭಾವಿಸಿದವರು ಇಂದಿಗೂ ಉಂಟು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ನಮ್ಮ ನಾಡಿನಲ್ಲಿ ಮೊದಲು ಆಯ್ಕೆಯಾದದ್ದು ತಿ. ನರಸೀಪುರ. ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟಪಾಠ, ಊಟ, ತೂಕದ ಪರೀಕ್ಷೆ. ಗರ್ಭಿಣಿಯರಿಗೂ ಬಾಣಂತಿಯರಿಗೂ ಆರೈಕೆ. ಇಷ್ಟನ್ನು ಇಬ್ಬರು ಹೆಣ್ಣುಮಕ್ಕಳು ನಿರ್ವಹಿಸುತ್ತಾರೆ. ಕೈಗೆ ಬರುವುದು ಸಂಬಳವಲ್ಲ, ಗೌರವಧನ. ಗ್ರಾಚ್ಯುಯಿಟಿಗೆ ಇವರು ಅರ್ಹರೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2022ರಲ್ಲಿ! ಹೆಸರಿನಲ್ಲಿರುವ ಗೌರವವನ್ನಾದರೂ ಊರಿನವರು ಕೊಡಬೇಡವೇ?

ತಾಯಿಯ ಮಡಿಲಿನಿಂದ ಆಗ ತಾನೆ ಇಳಿದ ಶಿಶುವಿಗೆ ಜಾತಿ ತಿಳಿಯದು. ತಾಯಿಯ ಮುಖ ಮಾತ್ರ ತಿಳಿಯುವುದು. ಹೊಸಬಳನ್ನು ಕಂಡು ತಾಯಿ ಮುಖ ಸಿಂಡರಿಸಿದರೆ ಮಗು ಅವಳ ಕೈತುತ್ತನ್ನು ಉಣ್ಣಲಾರದು. ಹಳೆಯ ಕಾರ್ಯಕರ್ತೆಯನ್ನು ನೆನೆದು ಮಕ್ಕಳು ಕೆಲವು ದಿನ ಅಳುವುದು ಸಹಜವೇ. ಆಗ "ಮೊದಲಿನಾಕೆ ಹೀಗಿರಲಿಲ್ಲ" ಎಂದು ಬಾಗಿಲಲ್ಲಿ ನಿಂತು ಆಡುವುದಕ್ಕಿಂತ, ತಾಯಂದಿರು ಸರದಿಯಂತೆ ಒಂದು ಗಳಿಗೆ ಒಳಗೆ ಕುಳಿತು ಬರಲಿ. ಮಗುವನ್ನು ಮನೆಯಲ್ಲಿ ಏನೆಂದು ಕರೆಯುವರು, ಅದು 'ಬುವ್ವ' ಎಂದರೆ ಅನ್ನವೋ ರೊಟ್ಟಿಯೋ, ಯಾವುದಕ್ಕೆ ಅಂಜುವುದು, ಇವನ್ನು ಯಾವ ದಾಖಲೆಯ ಪುಸ್ತಕವೂ ಆಕೆಗೆ ತಿಳಿಸದು. ಆಕೆಯನ್ನು ಒಮ್ಮೆ ಮನೆಗೆ ಕರೆದು ಜಗುಲಿಯ ಮೇಲಲ್ಲ, ಒಳಗೆ ಕೂರಿಸಿ ನೀರು ಕೊಡಿರಿ. ನಾಳೆ ನಿಮ್ಮ ಸೊಸೆಯ ಬಾಣಂತನದಲ್ಲಿ ವಿಚಾರಿಸಲು ಬರಬೇಕಾದವರೂ ಆ ಅಂಗನವಾಡಿಯವರೇ.

ಮರುದಿನ ಪ್ರಯಾಣವನ್ನು ಮುಂದೂಡಿ ಆ ವೃದ್ಧ ತಾಯಿಯೊಡನೆ ಅಂಗನವಾಡಿಗೆ ಹೋದೆವು. ಮಕ್ಕಳ ಪಾಲು ಕಡಿಮೆಯಾಗಬಾರದೆಂದು ಒಂದೇ ತುತ್ತು ಬೇಡಿ, ಸಾಲಿನ ಕೊನೆಯಲ್ಲಿ ಕುಳಿತು ಉಂಡೆವು. ಸಾರಿಗೆ ಉಪ್ಪು ತುಸು ಮುಂದಾಗಿತ್ತು. ಆ ಮಗಳ ಕೈ ನಡುಗಿದ್ದಿರಬೇಕು. ತಾಯಿ ತಮ್ಮ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಅವನು ಎರಡನೆಯ ಸಲ ಬಡಿಸಿಕೊಂಡನು.

ಓಣಿಯ ನಾಲ್ಕು ಮನೆಗಳವರು ಇನ್ನೂ ಮಕ್ಕಳನ್ನು ಕಳುಹಿಸಿಲ್ಲವೆಂದು ಮೊನ್ನೆ ಪತ್ರ ಬಂದಿದೆ. ಶ್ರಾವಣದಲ್ಲಿ ಅದೇ ಊರಿನಲ್ಲಿ ನಮ್ಮ ಪ್ರವಚನವಿದೆ. ಈ ಬಾರಿ ಆ ನಾಲ್ಕು ಮನೆಗಳಿಗೆ ಮೊದಲು ಹೋಗುವವರಿದ್ದೇವೆ.