ಹಾಡು ಬೆಟ್ಟದ ರೈತನದು, ಹೆಸರು ಯಾರದು?

ಅಮೆರಿಕದಲ್ಲಿ ‘ಪ್ರೆಪ್ ಸ್ಕೂಲ್’ ಅಂತ ಕರೆಯುವ ದುಬಾರಿ ಖಾಸಗಿ ಶಾಲೆಗಳಿವೆ. ಅಲ್ಲಿ ಓದಿ ದೊಡ್ಡ ವಿಶ್ವವಿದ್ಯಾಲಯ ಸೇರುವ ಸ್ಥಿತಿವಂತರ ಮಕ್ಕಳಿಗೆ ‘ಪ್ರೆಪಿ’ ಎಂಬ ಅಡ್ಡಹೆಸರು. ಕಾಲರಿನ ಅಂಗಿ, ಇಸ್ತ್ರಿ ಕೆಡದ ಪ್ಯಾಂಟು, ನೀಟಾದ ಕ್ರಾಪು ಅವರ ಗುರುತು. ಇಂಥ ಹುಡುಗರು ಹಾಡಲು ನಿಂತರೆ, ಹೊಟ್ಟೆ ತುಂಬಿದವರ ಹಾಡು ಬಿಡಿ ಅಂತ ಮೂಗು ಮುರಿಯುವವರು ಅಲ್ಲೂ ಇದ್ದಾರೆ. ಆದರೆ ಕೇಳಬೇಕಾದ ಪ್ರಶ್ನೆ ಅಂಗಿಯದಲ್ಲ. ಹಾಡು ಯಾರಿಂದ ಬಂತು, ಅವರಿಗೆ ಸಲ್ಲಬೇಕಾದ್ದು ಸಂದಿತೇ ಎಂಬುದು.

1957ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ‘ಕಿಂಗ್‌ಸ್ಟನ್ ಟ್ರಿಯೊ’ ಎಂಬ ತಂಡ ಹುಟ್ಟಿತು. ಡೇವ್ ಗಾರ್ಡ್ ಮತ್ತು ಬಾಬ್ ಶೇನ್ ಹವಾಯಿಯ ಹೆಸರಾಂತ ಖಾಸಗಿ ಶಾಲೆ ಪುನಾಹೌದಲ್ಲಿ ಓದಿದವರು. ನಿಕ್ ರೆನಾಲ್ಡ್ಸ್ ಕಾಲೇಜಿನಲ್ಲಿ ಸಿಕ್ಕ ಗೆಳೆಯ. ಮೂವರಿಗೂ ಒಂದೇ ಬಗೆಯ ಪಟ್ಟೆ ಅಂಗಿ, ಕೈಯಲ್ಲಿ ಗಿಟಾರ್, ಬ್ಯಾಂಜೊ. 1958ರಲ್ಲಿ ಅವರ ‘ಟಾಮ್ ಡೂಲಿ’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 30 ಲಕ್ಷಕ್ಕೂ ಹೆಚ್ಚು ತಟ್ಟೆಗಳು ಮಾರಾಟವಾದವು. ಮರುವರ್ಷ ಗ್ರ್ಯಾಮಿಯೂ ಬಂತು. ಕಾಲೇಜು ಹುಡುಗರೆಲ್ಲ ಗಿಟಾರ್ ಕೊಳ್ಳತೊಡಗಿದರು.

ಆದರೆ ಹಾಡು ಕಾಲೇಜಿನದಾಗಿರಲಿಲ್ಲ. ಲಾರಾ ಫಾಸ್ಟರ್ ಎಂಬಾಕೆಯ ಕೊಲೆಗಾಗಿ 1868ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಗಲ್ಲಿಗೇರಿದ ಟಾಮ್ ಡೂಲಾನ ಕತೆ ಅದು. ಬೆಟ್ಟದ ಜನ ಅದನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದಿದ್ದರು. ಫ್ರಾಂಕ್ ಪ್ರಾಫಿಟ್ ಎಂಬ ಹೊಗೆಸೊಪ್ಪಿನ ರೈತ ಮನೆಯ ಹಿರಿಯರಿಂದ ಕಲಿತಿದ್ದ. 1938ರಲ್ಲಿ ಹಾಡು ಹುಡುಕಿಕೊಂಡು ಬಂದ ಫ್ರಾಂಕ್ ವಾರ್ನರ್ ಅದನ್ನು ಅವನಿಂದ ಕಲಿತರು. ಅವರಿಂದ ಕಲಿತ ಅಲನ್ ಲೋಮ್ಯಾಕ್ಸ್ 1947ರಲ್ಲಿ ಪುಸ್ತಕದಲ್ಲಿ ಅಚ್ಚು ಮಾಡಿಸಿದರು. ತಟ್ಟೆ ಹೊರಬಂದಾಗ ಮಾತ್ರ ಅದರಲ್ಲಿ ಗಾರ್ಡ್ ಹೆಸರಿತ್ತು, ರೈತನ ಹೆಸರಿರಲಿಲ್ಲ. ತನ್ನ ಮನೆಯ ಹಾಡನ್ನು ಪಟ್ಟೆ ಅಂಗಿಯವರು ಟಿವಿಯಲ್ಲಿ ಹಾಡಿದ್ದು ಕಂಡು ಪ್ರಾಫಿಟ್ ನೊಂದುಕೊಂಡ. ವ್ಯಾಜ್ಯ ನಡೆದು 1962ರಲ್ಲಿ ರಾಜಿಯಾಯಿತು. ಅಲ್ಲಿಂದ ಮುಂದಿನ ಗೌರವಧನದಲ್ಲಿ ಪಾಲು ಸಿಕ್ಕಿತು. ಹಾಡು ಭರದಿಂದ ಮಾರಾಟವಾದ ವರ್ಷಗಳ ಹಣ ಸಿಗಲಿಲ್ಲ. 1965ರಲ್ಲಿ ಆತ ತೀರಿಕೊಂಡ.

ಐವತ್ತು ವರ್ಷಗಳ ನಂತರ ಅದೇ ಪ್ರಶ್ನೆ ಮತ್ತೆ ಎದ್ದಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ನಾಲ್ವರು 2006ರಲ್ಲಿ ಕಟ್ಟಿದ ‘ವ್ಯಾಂಪೈರ್ ವೀಕೆಂಡ್’ ತಂಡ 2008ರ ಮೊದಲ ಆಲ್ಬಂನಲ್ಲಿ ಆಫ್ರಿಕದ ಗಿಟಾರ್ ಶೈಲಿಯನ್ನು ಬಳಸಿತು. ಸಿರಿವಂತ ಹುಡುಗರ ಕಳ್ಳತನ ಅಂತ ಕೆಲವರು ಹರಿಹಾಯ್ದರು. ಆದರೆ ಒಂದು ಹಾಡಿನ ಶೀರ್ಷಿಕೆಯಲ್ಲೇ ಕಾಂಗೊದ ‘ಕ್ವಾಸಾ ಕ್ವಾಸಾ’ ಕುಣಿತದ ಹೆಸರಿದೆ. ಮೂಲವನ್ನು ಮುಚ್ಚಿಡಲಿಲ್ಲ ಎನ್ನುವುದು ಸಣ್ಣ ಮಾತಲ್ಲ. ಹಾಗಂತ ಹೆಸರು ಹೇಳಿದ ಮಾತ್ರಕ್ಕೆ ಋಣ ತೀರಿತು ಅನ್ನಲೂ ಆಗದು.

ಹಾಡು ಊರು ದಾಟಬಾರದು ಅಂತ ಗಡಿಭಾಗದ ಕನ್ನಡಿಗರು ಯಾರೂ ಹೇಳಲಾರರು. ಅವರ ಮನೆಗಳಲ್ಲಿ ಎರಡು ಮೂರು ಭಾಷೆಯ ಪದಗಳು ಒಟ್ಟಿಗೇ ಬಾಳಿವೆ. ಆದರೆ ಅಜ್ಜಿಯ ಸೋಬಾನೆಯನ್ನೋ ಬೀಸುವ ಪದವನ್ನೋ ಮೊಮ್ಮಕ್ಕಳು ಮೊಬೈಲಿನಲ್ಲಿ ಹಿಡಿದಿಡುವಾಗ, ಹಾಡಿದವರ ಹೆಸರು, ಊರು, ಕಲಿಸಿದವರು ಯಾರು ಎಂಬುದನ್ನೂ ಜೊತೆಗೇ ಬರೆದಿಡಲಿ. ನಾಳೆ ಯಾವ ಅಂಗಿ ತೊಟ್ಟವರಾದರೂ ಹಾಡಿಕೊಳ್ಳಲಿ, ಅಜ್ಜಿಯ ಹೆಸರು ಮಾತ್ರ ಅಳಿಸಿಹೋಗದಿರಲಿ.