ಮೇಲಿನ ಸಾಲಿನ ಕೀಲಿಗಳು

ಬೀದರಿನಲ್ಲಿ ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜೂ ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯೂ ಸ್ಥಾಪಿತವಾಗಿ ನಾಲ್ಕು ದಶಕಗಳು ಸಂದಿವೆ. ಔರಾದ ತಾಲೂಕಿನ ಹಳ್ಳಿಗಳಿಂದ ಬಂದು, ಇಂಥ ವಿದ್ಯಾಲಯಗಳ ಪ್ರಯೋಗಶಾಲೆಗಳಲ್ಲಿ ಪ್ರಥಮತಃ ಸಿ ಭಾಷೆಯ ಪ್ರೋಗ್ರಾಂ ಬರೆದು, ಅನಂತರ ಸಮೀಪದ ಹೈದರಾಬಾದಿಗೋ ದೂರದ ಬೆಂಗಳೂರಿಗೋ ಉದ್ಯೋಗಾರ್ಥಿಗಳಾಗಿ ತೆರಳಿದ ಒಂದು ತಲೆಮಾರಿನ ತರುಣ ತರುಣಿಯರಿಗೆ ಕೀಲಿಮಣೆಯ ಮೇಲಿನ ಸಾಲಿನ ಪರಿಚಯವಾದದ್ದು ಬಹುಮಟ್ಟಿಗೆ ಟರ್ಬೊ ಸಿ ತಂತ್ರಾಂಶದ ನೀಲಿ ಪರದೆಯ ಮುಂದೆ. ಎಫ್ 2 ಒತ್ತಿದರೆ ಸೇವ್, ಕಂಟ್ರೋಲಿನೊಡನೆ ಎಫ್ 9 ಒತ್ತಿದರೆ ರನ್, ಆಲ್ಟಿನೊಡನೆ ಎಫ್ 5 ಒತ್ತಿದರೆ ಫಲಿತಾಂಶದ ಪರದೆ. ಆ ಸಾಲನ್ನೇ ಇತ್ತೀಚಿನ ವರ್ಷಗಳಲ್ಲಿ ಲ್ಯಾಪ್‌ಟಾಪ್ ತಯಾರಕರು ಕೆಲವೆಡೆ ನುಣುಪು ಗಾಜಾಗಿಸಿ, ಕೆಲವೆಡೆ ಪರದೆಯ ಬೆಳಕು ಮತ್ತು ಧ್ವನಿಯ ಗುಂಡಿಗಳಾಗಿಸಿ, ಕೆಲವೆಡೆ ತೆಗೆದೇಹಾಕಿ, ಇದು ಪ್ರಗತಿಯೆಂದು ಸಾರಿದ್ದಾರೆ. ಪ್ರಗತಿಯೆಂದು ಇದನ್ನು ಒಪ್ಪಲು ನನ್ನ ಮನಸ್ಸು ಸಿದ್ಧವಿಲ್ಲ.

1981ರ ಐಬಿಎಂ ಪಿಸಿಯ ಕೀಲಿಮಣೆಯಲ್ಲಿ ಎಡಗಡೆ ಹತ್ತು ಫಂಕ್ಷನ್ ಕೀಲಿಗಳಿದ್ದುವು; ಮುಂದೆ ಅವು ಹನ್ನೆರಡಾಗಿ ಮೇಲಿನ ಸಾಲಿಗೆ ಬಂದುವು. 2014ರಲ್ಲಿ ಲೆನೊವೊ ಸಂಸ್ಥೆಯು ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್‌ನಲ್ಲಿ ಇವುಗಳ ಸ್ಥಾನದಲ್ಲಿ ಸ್ಪರ್ಶಪಟ್ಟಿಯೊಂದನ್ನು ಇಟ್ಟು ಮರುವರ್ಷವೇ ಅದನ್ನು ಕೈಬಿಟ್ಟಿತು. ಆ ಪಾಠ ಕಣ್ಣೆದುರಿಗಿದ್ದರೂ 2016ರಲ್ಲಿ ಆಪಲ್ ಸಂಸ್ಥೆಯು ಮ್ಯಾಕ್‌ಬುಕ್ ಪ್ರೊದಲ್ಲಿ ಟಚ್ ಬಾರ್ ಎಂಬ ಗಾಜಿನ ಪಟ್ಟಿಯನ್ನು ತಂದು ಎಸ್ಕೇಪ್ ಕೀಲಿಯನ್ನೂ ಅದರೊಳಗೇ ಅಡಗಿಸಿತು. 2019ರಲ್ಲಿ ಎಸ್ಕೇಪ್ ಮರಳಿತು. 2021ರಲ್ಲಿ ಇಡೀ ಸಾಲೇ ಮರಳಿತು. 2023ರಲ್ಲಿ ಟಚ್ ಬಾರಿನ ಕೊನೆಯ ಮಾದರಿಯೂ ಮಾರುಕಟ್ಟೆಯಿಂದ ನಿರ್ಗಮಿಸಿತು.

ಏಕೆ ಮರಳಿಸಬೇಕಾಯಿತೆಂಬುದನ್ನು ತಿಳಿಯಲು, ಪ್ರೋಗ್ರಾಮಿನ ದೋಷವನ್ನು ಅರಸುತ್ತ ಕುಳಿತವರ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ ಸಾಕು. ಪ್ರೋಗ್ರಾಂ ರಚಿಸುವ ವಿಶುವಲ್ ಸ್ಟುಡಿಯೊ ತಂತ್ರಾಂಶದಲ್ಲಿ ಎಫ್ 10ನ್ನು ಒತ್ತಿದಂತೆಲ್ಲ ಪ್ರೋಗ್ರಾಂ ಒಂದೊಂದು ಸಾಲು ಮುಂದುವರಿಯುತ್ತದೆ. ಸಂದೇಹಾಸ್ಪದವಾದ ಫಂಕ್ಷನ್ ಬಂದಾಗ ಎಫ್ 11ನ್ನು ಒತ್ತಿ ಅದರೊಳಗೆ ಇಳಿಯುತ್ತಾರೆ. ಈ ಅವಧಿಯಲ್ಲೆಲ್ಲ ದೃಷ್ಟಿಯು ಪ್ರೋಗ್ರಾಮಿನ ಚರಗಳ ಬದಲಾಗುತ್ತಿರುವ ಮೌಲ್ಯಗಳ ಮೇಲೆ ನೆಟ್ಟಿರುತ್ತದೆ, ಬೆರಳು ತಾನಾಗಿಯೇ ಕೀಲಿಯ ಅಂಚನ್ನು ತಡವಿ ಗುರುತಿಸುತ್ತದೆ. ಗಾಜಿಗೆ ಅಂಚೆಂಬುದಿಲ್ಲವಾದ್ದರಿಂದ ಪ್ರತಿಸಲವೂ ಕಣ್ಣು ಕೆಳಗಿಳಿಯಬೇಕು. ಇಳಿದು ಮೇಲೇರುವಷ್ಟರಲ್ಲಿ ವಿಚಾರದ ಎಳೆ ತುಂಡಾಗಿರುತ್ತದೆ. ಟೈಪಿಂಗ್ ತರಗತಿಯಲ್ಲಿ ಕೀಲಿಗಳನ್ನು ನೋಡದೆಯೇ ಬೆರಳಾಡಿಸಲು ಕಲಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಫ್ ಮತ್ತು ಜೆ ಅಕ್ಷರಗಳ ಮೇಲೆ ಇಂದಿಗೂ ಸಣ್ಣ ಉಬ್ಬುಗೆರೆ ಇರುವುದು ಬೆರಳಿಗೆ ನೆಲೆ ತೋರಿಸುವುದಕ್ಕಾಗಿಯೇ.

ಪ್ರೋಗ್ರಾಮರುಗಳು ಈ ಬದಲಾವಣೆಗಳಿಗೆ ಒಗ್ಗಿಕೊಂಡಿಲ್ಲವೇ ಎಂದು ಕೇಳುವವರಿದ್ದಾರೆ. ಒಗ್ಗಿಕೊಂಡಿದ್ದಾರೆ, ಅವರ ಸಹನೆ ದೊಡ್ಡದು. 1976ರಲ್ಲಿ ಬಿಲ್ ಜಾಯ್ ಅವರು ವಿಐ ಎಂಬ ಸಂಪಾದನಾ ತಂತ್ರಾಂಶವನ್ನು ರಚಿಸಿದಾಗ ಅವರ ಮುಂದಿದ್ದ ಎಡಿಎಂ-3ಎ ಟರ್ಮಿನಲಿನಲ್ಲಿ ಎಸ್ಕೇಪ್ ಕೀಲಿಯು ಕ್ಯೂ ಅಕ್ಷರದ ಮಗ್ಗುಲಲ್ಲೇ ಇದ್ದಿತು; ಆ ಪದ್ಧತಿಯನ್ನು ಅನುಸರಿಸುವವರು ಇಂದು ಕ್ಯಾಪ್ಸ್ ಲಾಕ್ ಕೀಲಿಗೇ ಎಸ್ಕೇಪಿನ ಕಾರ್ಯವನ್ನು ವಹಿಸಿದ್ದಾರೆ, ಇಲ್ಲವೆ ಕಂಟ್ರೋಲಿನೊಡನೆ ಎಡ ಚೌಕಾವರಣವನ್ನು ಒತ್ತುತ್ತಾರೆ. ಕ್ರೋಮ್‌ಬುಕ್ಕಿನಲ್ಲಿ ಸರ್ಚ್ ಕೀಲಿಯೊಡನೆ ಮೇಲಿನ ಸಾಲನ್ನು ಒತ್ತಿ ಫಂಕ್ಷನ್ ಕೀಲಿಗಳನ್ನು ಪಡೆಯುತ್ತಾರೆ. ಹಲವು ಲ್ಯಾಪ್‌ಟಾಪುಗಳಲ್ಲಿ ಎಫ್‌ಎನ್ ಮತ್ತು ಎಸ್ಕೇಪನ್ನು ಒಟ್ಟಿಗೆ ಒತ್ತಿದರೆ ಹಳೆಯ ಕ್ರಮವು ಸ್ಥಿರಗೊಳ್ಳುತ್ತದೆ. ಆದರೆ ಬಳಸುವವರ ಸಹನೆಯನ್ನು ತಯಾರಕರು ತಮಗೆ ದೊರೆತ ಸಮ್ಮತಿಯೆಂದು ಭಾವಿಸಕೂಡದು.

ಕೀಲಿಗಳು ಹೀಗೆ ಮರೆಯಾದುದರಿಂದ ಕನ್ನಡದ ಕಾರ್ಯಕ್ಕೆ ಒದಗಿದ ತೊಡಕು ಇನ್ನೂ ಹತ್ತಿರದ್ದು. ಕನ್ನಡ ಬೆರಳಚ್ಚಿನ ನುಡಿ ತಂತ್ರಾಂಶದಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಬದಲಾಯಿಸಲು ಸ್ಕ್ರೋಲ್ ಲಾಕ್, ಬರಹ ತಂತ್ರಾಂಶದಲ್ಲಿ ಎಫ್ 11 ಎಂಬುದು ರೂಢಿ. ಸ್ಕ್ರೋಲ್ ಲಾಕ್ ಇಲ್ಲದ ಲ್ಯಾಪ್‌ಟಾಪ್ ದೊರೆತ ಗುಮಾಸ್ತರು ಅರ್ಜಿಯೊಂದನ್ನು ಕನ್ನಡದಲ್ಲಿ ಬೆರಳಚ್ಚಿಸಬೇಕಾದರೆ, ಪರದೆಯ ಮೇಲೆ ಕೀಲಿಮಣೆಯ ಚಿತ್ರವನ್ನು ತೆರೆದು ಆ ಕೀಲಿಯನ್ನು ಮೌಸಿನಿಂದ ಒತ್ತಬೇಕು, ಅಥವಾ ಬೇರೊಂದು ಕೀಲಿಮಣೆಯನ್ನು ತಂದು ಯುಎಸ್‌ಬಿಗೆ ಸಿಕ್ಕಿಸಬೇಕು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಬೀದರ ಜಿಲ್ಲೆ ಇದು. ಇಲ್ಲಿ ಕನ್ನಡದ ಅಕ್ಷರಗಳಿಗೆ ಇಂಥ ಸುತ್ತುದಾರಿ ಇನ್ನು ಬೇಡ.

ಆದ್ದರಿಂದ ಕಾಲೇಜುಗಳಿಗೂ ಕಚೇರಿಗಳಿಗೂ ಲ್ಯಾಪ್‌ಟಾಪ್ ಖರೀದಿಸುವ ಅಧಿಕಾರಿಗಳಲ್ಲಿ ನನ್ನ ವಿನಂತಿಯಿಷ್ಟೇ: ಟೆಂಡರಿನ ಷರತ್ತುಗಳಲ್ಲಿ ಮೆಮೊರಿ, ಪ್ರೊಸೆಸರುಗಳ ಜೊತೆಗೆ, ಒತ್ತಿದರೆ ಬೆರಳಿಗೆ ತಿಳಿಯುವಂಥ ಎಸ್ಕೇಪ್ ಹಾಗೂ ಹನ್ನೆರಡು ಫಂಕ್ಷನ್ ಕೀಲಿಗಳು ಇರತಕ್ಕದ್ದೆಂಬ ಒಂದು ಸಾಲನ್ನೂ ಸೇರಿಸಿ. ನುಡಿ ತಂತ್ರಾಂಶವನ್ನು ಬಳಸುವ ಕಚೇರಿಯಾದರೆ ಸ್ಕ್ರೋಲ್ ಲಾಕನ್ನೂ ಮರೆಯಬೇಡಿ. ಮಕ್ಕಳಿಗಾಗಿ ಸ್ವಂತ ಹಣದಿಂದ ಕೊಳ್ಳುವ ತಂದೆತಾಯಿಗಳು, ದುಡ್ಡು ಕೊಡುವ ಮುನ್ನ, ಅಂಗಡಿಯಲ್ಲೇ ಆ ಮೇಲಿನ ಸಾಲಿನ ಮೇಲೊಮ್ಮೆ ಮಕ್ಕಳಿಂದಲೇ ಬೆರಳಾಡಿಸಿ ನೋಡಲಿ.