ನಂಬಿದ್ರೆ ಕಷ್ಟ ಬರಲ್ವಾ?

"ಯೇಸುವನ್ನು ನಂಬಿದ್ರೆ ಕಷ್ಟಾನೇ ಬರಲ್ಲ" ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ. ಯೇಸುವಿಗೇ ಶಿಲುಬೆ ತಪ್ಪಲಿಲ್ಲವಲ್ಲ!

ಷಿಕಾಗೋದ ಅನ್ನಾ ಸ್ಪ್ಯಾಫರ್ಡ್ ಅವರನ್ನೇ ನೋಡಿ. 1873ರ ನವೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಹಡಗು ಮುಳುಗಿ ಅವರ ನಾಲ್ಕೂ ಹೆಣ್ಣುಮಕ್ಕಳು ತೀರಿಕೊಂಡರು, ಅಮ್ಮ ಉಳಿದರು. ಆ ದುಃಖದಲ್ಲೇ ಗಂಡ ಹೊರೇಷಿಯೋ ಬರೆದ 'ಇಟ್ ಈಸ್ ವೆಲ್ ವಿತ್ ಮೈ ಸೋಲ್' ಹಾಡನ್ನು ಇವತ್ತಿಗೂ ಚರ್ಚುಗಳಲ್ಲಿ ಹಾಡ್ತಾರೆ. ನನಗೆ ಮಾತ್ರ ಹಾಡಿಗಿಂತ ಮುಂದಿನ ಕಥೆಯೇ ದೊಡ್ಡದು. 1881ರಲ್ಲಿ ಇಬ್ಬರೂ ಜೆರುಸಲೇಮಿಗೆ ಹೋಗಿ ನೆಲೆಸಿದರು. 1888ರಲ್ಲಿ ಗಂಡನೂ ಹೋದರು. ಮೊದಲನೇ ಮಹಾಯುದ್ಧದಲ್ಲಿ ಆ ಊರು ಹಸಿದಾಗ ಅನ್ನಾ ಮತ್ತು ಜೊತೆಯವರು ಗಂಜಿ ಕೇಂದ್ರ ನಡೆಸಿ ಸಾವಿರಾರು ಜನರಿಗೆ ಬಡಿಸಿದರು.

ಮಕ್ಕಳನ್ನು ಕಳೆದುಕೊಂಡ ಕೈ ಊರಿಗೇ ಅನ್ನ ಹಾಕಿತು... ಕ್ರಿಸ್ತನಲ್ಲಿ ಶಾಂತಿ, ಭರವಸೆ ಅಂತ ನಾನು ಕರೆಯೋದು ಇದನ್ನೇ. ನೀವೇನಂತೀರಿ?